ಬಿಗಿದುಕೊಂಡ ಸಿಲಿಂಡರನ್ನು ಬಿಡಿಸುವ ಕ್ರಮ

ಕಳೆದ ಬೇಸಗೆಯಲ್ಲಿ ತುಮಕೂರು ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆನು. ಅಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಬೇಸಾಯ ಮಾಡಿಕೊಂಡಿರುವನು. ಅವನ ಹಿತ್ತಲಿನ ಹುಣಿಸೆಯ ಮರದ ಕೆಳಗೆ ಹಳೆಯ ಟ್ರ್ಯಾಕ್ಟರೊಂದು ಮೂರು ಮಳೆಗಾಲಗಳಿಂದ ನಿಂತಿದ್ದಿತು. ಅದರ ಮುಂಭಾಗಕ್ಕೆ ಮಣ್ಣು ತಳ್ಳುವ ಡೋಜರ್ ಹಲಗೆಯನ್ನು ಜೋಡಿಸಿದ್ದರು. ಆ ಹಲಗೆಯನ್ನು ಎತ್ತಿ ಇಳಿಸತಕ್ಕವು ಎರಡು ಹೈಡ್ರಾಲಿಕ್ ಸಿಲಿಂಡರುಗಳು. ಅವೆರಡೂ ಬಿಗಿದುಕೊಂಡು, ಹಲಗೆಯು ನೆಲದಿಂದ ಮೊಣಕಾಲೆತ್ತರದಲ್ಲಿ ಏಳದೆ ಇಳಿಯದೆ ನಿಂತುಬಿಟ್ಟಿದ್ದಿತು. ಮಳೆ ಬೀಳುವುದರೊಳಗಾಗಿ ಹೊಲವನ್ನು ಮಟ್ಟಮಾಡಬೇಕೆಂಬ ಆತುರ ಶಿಷ್ಯನಿಗೆ. ಅವನ ಮಗನು, ಇಪ್ಪತ್ತು ವರ್ಷದ ಹುಡುಗ, “ಮೇಷ್ಟ್ರೇ, ನಾಳೆ ಪಂಚರ್ ಅಂಗಡಿಯಿಂದ ಕಂಪ್ರೆಸರ್ ತರಿಸುತ್ತೇನೆ. ಗಾಳಿ ಹಿಡಿದರೆ ಪಿಸ್ಟನ್ನು ತಾನೇ ಹೊರಗೆ ಬರುತ್ತದೆ” ಎಂದನು.

ಈ ಮಾತನ್ನು ಕೇಳಿ ನನ್ನ ಎದೆ ಝಲ್ಲೆಂದಿತು. ಅನೇಕ ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಊರಿನ ಒಂದು ಕಾರ್ಖಾನೆಯಲ್ಲಿ ಇದೇ ಉಪಾಯವನ್ನು ಮಾಡಿದ್ದರು. ಬಹಳ ಹೊತ್ತು ಅಲುಗದಿದ್ದ ಪಿಸ್ಟನ್ನು ಒಮ್ಮೆಲೇ ಬಿಟ್ಟುಕೊಂಡು ಗುಂಡಿನಂತೆ ಹಾರಿತು. ಎದುರಿಗೆ ಬಗ್ಗಿ ನೋಡುತ್ತಿದ್ದ ಸಹಾಯಕನ ದವಡೆ ಮುರಿದು, ಒಂದು ಕಣ್ಣು ಹೋಯಿತು. ಅವನು ನನ್ನ ತರಗತಿಯಲ್ಲಿ ಓದಿದ್ದವನು. ಆದುದರಿಂದ ಈ ತಿಂಗಳು ನಮ್ಮ ವಾಚಕರ ಮುಂದೆ ಈ ವಿಷಯವನ್ನೇ ಇಡಬೇಕೆಂದು ನಿಶ್ಚಯಿಸಿದೆನು. ಟ್ರ್ಯಾಕ್ಟರು ಇಲ್ಲದ ಮನೆಯವರೂ ಇದನ್ನು ಓದಬೇಕೆಂದು ಪ್ರಾರ್ಥನೆ. ಏಕೆಂದರೆ ಅದನ್ನು ರಿಪೇರಿ ಮಾಡಲು ಹೊರಡುವ ಹುಡುಗರು ನಮ್ಮ ನಿಮ್ಮ ಮನೆಯವರೇ.

ಮೊದಲು ಯಂತ್ರದ ತತ್ತ್ವವನ್ನು ತಿಳಿಯೋಣ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ, ಆ ಒತ್ತಡವು ಕಡಮೆಯಾಗದೆ ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬುದನ್ನು ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ (1623–1662) ಎಂಬ ವಿದ್ವಾಂಸನು ನಿರೂಪಿಸಿದನು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ಈ ನಿಯಮವನ್ನು ಆಧರಿಸಿದ ಒತ್ತುಯಂತ್ರಕ್ಕೆ 1795ರಲ್ಲಿ ಹಕ್ಕುಪತ್ರವನ್ನು ಪಡೆದನು. ಹ್ಯಾರಿ ಫರ್ಗುಸನ್ನನು ನೇಗಿಲನ್ನು ಹೈಡ್ರಾಲಿಕ್ ಬಲದಿಂದ ಎತ್ತಿ ಇಳಿಸುವ ವ್ಯವಸ್ಥೆಯುಳ್ಳ ಟ್ರ್ಯಾಕ್ಟರನ್ನು 1936ರಲ್ಲಿ ಮಾರುಕಟ್ಟೆಗೆ ತಂದನು. ಇಂದು ನಮ್ಮ ಹೊಲಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳೆಲ್ಲವೂ ಬಹುಮಟ್ಟಿಗೆ ಆ ಮಾರ್ಗವನ್ನೇ ಅನುಸರಿಸಿವೆ.

ಸಿಲಿಂಡರೆಂದರೆ ಒಳಗೆ ನುಣುಪು ಮಾಡಿದ ಉಕ್ಕಿನ ಕೊಳವೆ. ಅದರೊಳಗೆ ಪಿಸ್ಟನ್ನು, ಪಿಸ್ಟನ್ನಿಗೆ ಜೋಡಿಸಿದ ಹೊಳೆಯುವ ರಾಡು, ರಾಡು ಹೊರಬರುವ ಬಾಯಲ್ಲಿ ಮುಚ್ಚಳ, ಎಣ್ಣೆ ಸೋರದಂತೆ ರಬ್ಬರಿನ ಸೀಲುಗಳು. ಕೊಳವೆಯ ವ್ಯಾಸ 63 ಮಿಲಿಮೀಟರು ಎಂದಿಟ್ಟುಕೊಂಡರೆ ಪಿಸ್ಟನ್ನಿನ ಮುಖವು ಸುಮಾರು 31 ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಒತ್ತಡದಲ್ಲಿ ಎಣ್ಣೆಯನ್ನು ನೂಕಿದರೆ ಸುಮಾರು 4,650 ಕಿಲೋಗ್ರಾಂ ತೂಕವನ್ನು ತಳ್ಳುವ ಬಲ ಹುಟ್ಟುವುದು.

ಇಷ್ಟು ಬಲವುಳ್ಳದ್ದು ಬಿಗಿದುಕೊಳ್ಳುವುದೇಕೆ? ರಾಡನ್ನು ಹೊರಗೆ ಚಾಚಿದಂತೆಯೇ ಬಿಟ್ಟರೆ ಮಳೆಯ ನೀರು ಅದರ ಮೇಲೆ ನಿಲ್ಲುತ್ತದೆ. ಹಳೆಯ ಸೀಲು ಬಿರುಕುಬಿಟ್ಟಿದ್ದರೆ ನೀರು ಒಳಕ್ಕೂ ಇಳಿದು ಎಣ್ಣೆಯ ತಳದಲ್ಲಿ ಸೇರುತ್ತದೆ. ಅಲ್ಲಿ ಕಬ್ಬಿಣವು ತುಕ್ಕಾಗುವುದು. ತುಕ್ಕು, ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಷ್ಟಕ್ಕೂ ಮಿಗಿಲಾದ ಸ್ಥಳವನ್ನು ಬೇಡುವುದು. ಕೂದಲೆಳೆಯಷ್ಟೇ ಸಂದಿರುವ ಎಡೆಯಲ್ಲಿ ಅದು ಬೆಳೆದರೆ, ಬೆಣೆ ಹೊಡೆದಂತೆ ಪಿಸ್ಟನ್ನನ್ನು ಹಿಡಿದುಬಿಡುವುದು.

ಇನ್ನು ಗಾಳಿಯ ವಿಷಯ. ಪಂಚರ್ ಅಂಗಡಿಯ ಕಂಪ್ರೆಸರು ಪ್ರತಿ ಚದರ ಸೆಂಟಿಮೀಟರಿಗೆ 8 ಕಿಲೋಗ್ರಾಂ ಒತ್ತಡವನ್ನು ಕೊಟ್ಟರೆ, ನಾವು ಹೇಳಿದ ಸಿಲಿಂಡರಿನಲ್ಲಿ ಉಂಟಾಗುವ ಬಲ ಸುಮಾರು 250 ಕಿಲೋಗ್ರಾಂ ಮಾತ್ರ. ತುಕ್ಕನ್ನು ಬಿಡಿಸುವುದಕ್ಕೆ ಇದು ಅನೇಕ ವೇಳೆ ಸಾಲದು. ಆದರೆ ಆ ಗಾಳಿಯು ಒಂಬತ್ತನೆಯ ಒಂದು ಪಾಲಿಗೆ ಕುಗ್ಗಿ ಒಳಗೆ ಕುಳಿತಿರುತ್ತದೆ. ಪಿಸ್ಟನ್ನು ಬಿಟ್ಟುಕೊಂಡ ಕ್ಷಣದಲ್ಲಿ ಅದೆಲ್ಲವೂ ಹಿಗ್ಗಿ, ರಾಡನ್ನು ಕೊನೆಯವರೆಗೂ ಅಟ್ಟಿಕೊಂಡು ಹೋಗುವುದು. ಎಣ್ಣೆಯೂ ಗ್ರೀಸೂ ಹಾಗಲ್ಲ. 100 ಕಿಲೋಗ್ರಾಂ ಒತ್ತಡಕ್ಕೂ ಎಣ್ಣೆಯು ನೂರರಲ್ಲಿ ಒಂದು ಪಾಲಿಗಿಂತ ಕಡಮೆಯಾಗಿಯೇ ಕುಗ್ಗುವುದು. ಪಿಸ್ಟನ್ನು ತುಸು ಸರಿದೊಡನೆಯೇ ಒತ್ತಡವು ಇಳಿದುಹೋಗುವುದು. ಗಾಳಿಯು ಸಿಟ್ಟನ್ನು ಕೂಡಿಟ್ಟುಕೊಳ್ಳುವ ಜಾತಿ. ಎಣ್ಣೆಯು ಕೆಲಸವಾದೊಡನೆ ಶಾಂತವಾಗುವ ಜಾತಿ. ಹೇಳಬೇಕಾದ ಮುಖ್ಯ ಮಾತೆಲ್ಲ ಇಷ್ಟೇ.

ಇಷ್ಟನ್ನು ಲೆಕ್ಕ ಸಮೇತ ಹೇಳಿದ ಮೇಲೆ ಹುಡುಗನು ಒಪ್ಪಿದನು. ಮರುದಿನ ಕಂಪ್ರೆಸರಿನ ಬದಲು ವೃದ್ಧ ಮೇಸ್ತ್ರಿಯೊಬ್ಬರು ಬಂದರು. ಅವರು ಮಾಡಿದ ಕ್ರಮವನ್ನು ನೋಡಿದಂತೆ ಬರೆಯುತ್ತೇನೆ.

ಮೊದಲನೆಯದಾಗಿ, ಮೇಲೆ ನಿಂತಿದ್ದ ಹಲಗೆಯ ಅಡಿಗೆ ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಪೇರಿಸಿ ಭಾರವನ್ನು ಅವುಗಳ ಮೇಲೆ ಕೂರಿಸಿದರು. ಬರಿಯ ಜ್ಯಾಕನ್ನು ನಂಬಿ ಅಡಿಯಲ್ಲಿ ಕೈಯಿಡತಕ್ಕದ್ದಲ್ಲವೆಂದು ಹುಡುಗನಿಗೆ ಕಟ್ಟುನಿಟ್ಟಾಗಿ ಹೇಳಿದರು. ಎರಡನೆಯದಾಗಿ, ಇಂಜಿನನ್ನು ನಿಲ್ಲಿಸಿ ಹಿಡಿಕೆಯನ್ನು ಎರಡು ದಿಕ್ಕಿಗೂ ಹಲವು ಸಲ ಆಡಿಸಿದರು. ಆದರೂ ಒಳಗೆ ಒತ್ತಡ ಉಳಿದಿರಬಹುದು. ಆದುದರಿಂದ ಮುಖವನ್ನು ಬದಿಗೆ ತಿರುಗಿಸಿಕೊಂಡು ಪೈಪಿನ ನಟ್ಟನ್ನು ಪಾನಾದಿಂದ ಸ್ವಲ್ಪವೇ ಸಡಿಲಿಸಿ, ಎಣ್ಣೆಯು ತೊಟ್ಟಿಕ್ಕಿ ನಿಲ್ಲುವವರೆಗೆ ಕಾದರು.

ಇಲ್ಲಿ ಒಂದು ಎಚ್ಚರಿಕೆ. ಎಣ್ಣೆ ಎಲ್ಲಿ ಚಿಮ್ಮುತ್ತಿದೆಯೆಂದು ಕೈಯಿಂದ ತಡವಿ ನೋಡತಕ್ಕದ್ದಲ್ಲ. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಒತ್ತಡದ ಎಣ್ಣೆಯ ಸೂಕ್ಷ್ಮಧಾರೆಯು ಚರ್ಮವನ್ನು ತೂತುಮಾಡಿ ಒಳಹೊಗುವುದು. ಗಾಯವು ಮುಳ್ಳು ಚುಚ್ಚಿದಷ್ಟೇ ಕಾಣುವುದು, ಮೊದಲು ನೋವೂ ಹೆಚ್ಚಿರದು. ಆದರೆ ಕೆಲವೇ ಗಂಟೆಗಳೊಳಗಾಗಿ ಶಸ್ತ್ರವೈದ್ಯರಿಗೆ ತೋರಿಸದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳುವ ಪ್ರಸಂಗ ಬರುವುದು. ತಾಯಂದಿರು ಇದನ್ನು ನೆನಪಿನಲ್ಲಿಡಬೇಕು. “ಏನೂ ಇಲ್ಲಮ್ಮಾ, ಚುಚ್ಚಿತಷ್ಟೆ” ಎಂದು ಮಗನು ಹೇಳಿದರೆ ಸುಮ್ಮನಾಗಬಾರದು.

ಮೂರನೆಯದಾಗಿ, ಗೂಟಗಳನ್ನು ಹೊಡೆದು ತೆಗೆದು ಸಿಲಿಂಡರುಗಳನ್ನು ಕೆಳಗಿಳಿಸಿದರು. ಎಣ್ಣೆಯ ರಂಧ್ರಗಳು ಮೇಲ್ಮುಖವಾಗುವಂತೆ ಮಲಗಿಸಿ, ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಎರಡೂ ರಂಧ್ರಗಳಿಗೆ ತುಂಬಿ, ಮೂರು ದಿನ ನೆನೆಯಬಿಟ್ಟರು. ಬೆಳಿಗ್ಗೆ ಸಂಜೆ ಮರದ ಕೊಡತಿಯಿಂದ ಹೊರಮೈಯನ್ನು ಮೆಲ್ಲಗೆ ತಟ್ಟುತ್ತಿದ್ದರು. ಹುಡುಗನಿಗೆ ಈ ಮೂರು ದಿನಗಳೇ ಅತ್ಯಂತ ಕಷ್ಟವಾದವು. ಬೆಂಕಿ ಇಟ್ಟು ಕಾಯಿಸಬಾರದೇಕೆಂದು ಕೇಳಿದನು. ರಂಧ್ರಗಳು ಮುಚ್ಚಿರುವ ಸಿಲಿಂಡರನ್ನು ಕಾಯಿಸಿದರೆ ಒಳಗಿನ ಎಣ್ಣೆಯೂ ನೀರೂ ಆವಿಯಾಗಿ ಅದು ಸಿಡಿಯುವುದೆಂದು ಮೇಸ್ತ್ರಿಗಳು ಉತ್ತರಕೊಟ್ಟರು.

ನಾಲ್ಕನೆಯ ದಿನ ಗ್ರೀಸ್ ಗನ್ನನ್ನು ತೆಗೆದರು. ಸಿಲಿಂಡರಿನ ರಂಧ್ರಕ್ಕೆ ಒಪ್ಪುವ ಮರೆಯುಳ್ಳ ಜೋಡಣೆಯನ್ನು ಲೇತ್ ಅಂಗಡಿಯಲ್ಲಿ ಮಾಡಿಸಿ ತಂದಿದ್ದರು. ಒಳಗೆ ಗಾಳಿ ಉಳಿಯದಂತೆ ಮೊದಲು ಎಣ್ಣೆಯನ್ನು ಬಾಯ್ತುಂಬ ತುಂಬಿ, ಎದುರಿನ ರಂಧ್ರವನ್ನು ತೆರೆದಿಟ್ಟು, ರಾಡಿನ ಬಾಯಿಯ ಮುಚ್ಚಳವನ್ನು ಮಾತ್ರ ಬಿಚ್ಚದೆ ಭದ್ರವಾಗಿಯೇ ಇಟ್ಟರು. ಪಿಸ್ಟನ್ನು ಬಂದರೂ ಆ ಮುಚ್ಚಳವು ತಡೆಯುವುದು. ರಾಡಿನ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಂಡರು. ಅನಂತರ ಕೈಯಿಂದ ಒಂದೊಂದೇ ಸಲ ಒತ್ತುತ್ತ ಬಂದರು. ಕೈಗನ್ನು ಪ್ರತಿ ಚದರ ಸೆಂಟಿಮೀಟರಿಗೆ 300 ಕಿಲೋಗ್ರಾಮನ್ನೂ ಮೀರಿದ ಒತ್ತಡವನ್ನು ಕೊಡಬಲ್ಲದು. ಇದು ಟ್ರ್ಯಾಕ್ಟರಿನ ಪಂಪಿಗಿಂತಲೂ ಹೆಚ್ಚು; ಹಳೆಯ ಕೊಳವೆಯು ಬಿರಿಯಲೂಬಹುದು. ಆದುದರಿಂದ ಹಿಡಿಕೆ ಬಿಗಿಯಾದಾಗ ಬಲ ಹಾಕದೆ, ಕಾಲು ಗಂಟೆ ಬಿಟ್ಟು ಮತ್ತೆ ಒತ್ತುತ್ತಿದ್ದರು. ಮಧ್ಯಾಹ್ನದ ವೇಳೆಗೆ “ಟಕ್” ಎಂಬ ಸಣ್ಣ ಸದ್ದಾಗಿ ರಾಡು ಗೋಧಿಯ ಕಾಳಿನಷ್ಟು ಸರಿದು ನಿಂತಿತು. ಅಷ್ಟೇ. ಹಾರಲಿಲ್ಲ, ಯಾರನ್ನೂ ಹೊಡೆಯಲಿಲ್ಲ. ಗ್ರೀಸನ್ನು ಇನ್ನೊಂದು ರಂಧ್ರಕ್ಕೆ ಹಾಕಿ ಹಿಂದಕ್ಕೆ, ಮತ್ತೆ ಮುಂದಕ್ಕೆ, ಹೀಗೆ ಆಡಿಸಿ ಸಂಜೆಗೆ ಪೂರ್ಣವಾಗಿ ಬಿಡಿಸಿದರು. ಕೊನೆಗೆ ಎರಡು ರಂಧ್ರಗಳನ್ನೂ ತೆರೆದಿಟ್ಟು, ಮುಚ್ಚಳವನ್ನು ತಿರುಗಿಸಿ, ರಾಡನ್ನು ಕೈಯಿಂದ ಎಳೆದುಕೊಂಡರು.

ಒಳಗಿನ ತುಕ್ಕು ತೆಳುವಾಗಿದ್ದಿತು. ನಯವಾಗಿ ಉಜ್ಜಿಸಿ ಹೊಸ ಸೀಲುಗಳನ್ನು ಹಾಕುವುದರಿಂದ ಅದು ಸರಿಹೋಯಿತು. ಎರಡನೆಯ ಸಿಲಿಂಡರೂ ಬಿಟ್ಟುಕೊಂಡಿತು. ಆದರೆ ಒಳಮೈಯಲ್ಲಿ ಉಗುರು ಸಿಕ್ಕುವಷ್ಟು ಆಳದ ಗುಳಿಗಳು ಬಿದ್ದಿದ್ದವು. ಅಂಥದಕ್ಕೆ ಎಷ್ಟು ಸೀಲು ಹಾಕಿದರೂ ಹರಿದುಹೋಗುವುದೆಂದು ಹೇಳಿ ಮೇಸ್ತ್ರಿಗಳು ಅದನ್ನು ಬದಿಗಿಟ್ಟರು. ಹೊಸದನ್ನು ಕೊಳ್ಳಬೇಕಾಯಿತು. ಪ್ರಯತ್ನವೆಲ್ಲವೂ ಫಲಿಸುವುದೆಂದು ನಾನು ಬರೆದರೆ ಸುಳ್ಳಾಗುವುದು.

ಸಂಸ್ಕೃತದಲ್ಲಿ “ಯಂತ್ರ” ಶಬ್ದಕ್ಕೆ ಹಿಡಿದಿಡುವುದು, ನಿಯಮನಮಾಡುವುದು ಎಂಬ ಅರ್ಥವುಂಟು. ಬಲವನ್ನು ಹಿಡಿತದಲ್ಲಿಟ್ಟರೆ ಮಾತ್ರ ಅದು ಯಂತ್ರ. ಹಿಡಿತ ತಪ್ಪಿದರೆ ಅದು ಆಯುಧ. ಬಿಚ್ಚುವಾಗಲೂ ಈ ನಿಯಮವೇ ನಡೆಯಬೇಕು.

ನಾನು ಊರಿಗೆ ಹೊರಡುವ ದಿನ ಹಲಗೆಯು ಹೊಲದಲ್ಲಿ ಮಣ್ಣು ತಳ್ಳುತ್ತಿದ್ದಿತು. ಮಳೆಗಾಲಕ್ಕೆ ಮೊದಲು ರಾಡುಗಳನ್ನು ಆದಷ್ಟೂ ಒಳಗೆಳೆದು, ಹೊರಗುಳಿದ ಭಾಗಕ್ಕೆ ಗ್ರೀಸು ಬಳಿದು ಬಟ್ಟೆ ಸುತ್ತಬೇಕೆಂದೂ, ಹಲಗೆಯನ್ನು ನೆಲಕ್ಕೆ ಇಳಿಸಿಯೇ ನಿಲ್ಲಿಸಬೇಕೆಂದೂ, ತಿಂಗಳಿಗೊಮ್ಮೆ ಇಂಜಿನನ್ನು ನಡೆಸಿ ಸಿಲಿಂಡರುಗಳನ್ನು ಆಡಿಸಬೇಕೆಂದೂ ಮೇಸ್ತ್ರಿಗಳು ಹೇಳಿದ್ದನ್ನು ಹುಡುಗನು ಸೀಮೆಸುಣ್ಣದಿಂದ ಕೊಟ್ಟಿಗೆಯ ಬಾಗಿಲ ಮೇಲೆ ಬರೆದಿಟ್ಟಿದ್ದನು. ಅಕ್ಷರಗಳು ಅಂದವಾಗಿರಲಿಲ್ಲ, ಆದರೂ ಅವನ ತಂದೆಯ ಕಾಪಿಪುಸ್ತಕವನ್ನು ತಿದ್ದಿದ ನನಗೆ ಅದನ್ನು ಓದಿ ಬಹಳ ಸಂತೋಷವಾಯಿತು.