ಮರವಿಲ್ಲದ ಊರಿನ ಹೆಂಡ

ಕಾಡು, ನದಿ, ಗಣಿಗಳ ಕುರಿತು ಬರೆಯುವ ಪತ್ರಿಕೆಯು ಹೆಂಡದ ವಿಷಯವನ್ನು ಸಂಪಾದಕೀಯಕ್ಕೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಅದೂ ಘಟ್ಟದ ಹೆಂಡವಲ್ಲ, ಬಯಲುಸೀಮೆಯ ರಾಯಚೂರು, ದೇವದುರ್ಗ, ಮಾನ್ವಿಗಳದು. ಆದರೆ ಒಂದು ಪ್ರದೇಶದ ಮರಗಳು ಮರೆಯಾದಾಗ ಜನರ ಬಾಳಿನಲ್ಲಿ ಏನೇನು ಮರೆಯಾಗುತ್ತದೆ, ಆ ಖಾಲಿ ಜಾಗಕ್ಕೆ ಏನು ಬಂದು ಕೂರುತ್ತದೆ ಎಂಬುದನ್ನು ಇಷ್ಟು ಕಠೋರವಾಗಿ ತೋರಿಸುವ ಉದಾಹರಣೆ ನಾಡಿನಲ್ಲಿ ಬೇರೊಂದು ಸಿಗಲಾರದು. ನಮ್ಮ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹರಿದು ಉಣಿಸುವ ಸೀಮೆ ಅದು. ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಿದಾಗ ಹೊಳೆಯ ಕೆಳಗಿನ ಊರುಗಳ ಹೆಸರನ್ನೂ ಹೇಳಿಯೇ ನಾವು ವಾದಿಸಿದ್ದೆವು. ಆ ಊರುಗಳ ಸಂಕಟಕ್ಕೆ ಈಗ ಕಿವಿಗೊಡುವುದು ಕರ್ತವ್ಯ.

ರಾಯಚೂರು ಸೀಮೆಯಲ್ಲಿ ಹೆಂಡಕ್ಕೆ ಸೇಂದಿ ಎಂದು ಹೆಸರು. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯಕ್ಕೆ ಸೇರಿದ್ದರಿಂದ ಅಲ್ಲಿಯ ಅಬಕಾರಿ ಪದ್ಧತಿಯೂ ಮಾತೂ ಇಲ್ಲಿ ಉಳಿದವು. ಹಳ್ಳದ ದಂಡೆ, ಕೆರೆಯ ಏರಿ, ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಈಚಲು ಮರವೇ ಸೇಂದಿಯ ಮೂಲ. ಈಡಿಗ ಸಮುದಾಯದ ಕಸುಬುದಾರ ಸಂಜೆ ಮರವೇರಿ ಗೀರು ಹಾಕಿ ಗಡಿಗೆ ಕಟ್ಟಿದರೆ, ಬೆಳಗಾಗುವಷ್ಟರಲ್ಲಿ ಸಿಹಿ ರಸ ತುಂಬಿರುತ್ತಿತ್ತು. ಗಾಳಿಯಲ್ಲಿಯೂ ಗಡಿಗೆಯ ಗೋಡೆಯಲ್ಲಿಯೂ ಇರುವ ಯೀಸ್ಟ್ ಆ ಸಕ್ಕರೆಯನ್ನು ಕೆಲವೇ ಗಂಟೆಗಳಲ್ಲಿ ಹುದುಗಿಸುತ್ತದೆ. ಹೊತ್ತೇರಿದಂತೆ ಅಮಲು ಏರಿ ಬಿಯರಿನಷ್ಟಾಗುತ್ತದೆ. ಮರುದಿನಕ್ಕೆ ಅದು ಹುಳಿ, ಆಮೇಲೆ ಶಿರ್ಕ. ಇಟ್ಟು ಮಾರಲಾಗದು, ದೂರಕ್ಕೆ ಸಾಗಿಸಲಾಗದು. ಮರವಿದ್ದಷ್ಟೇ ಹೆಂಡ, ಊರಿದ್ದಷ್ಟೇ ವ್ಯಾಪಾರ ಎಂಬ ಮಿತಿಯನ್ನು ಪ್ರಕೃತಿಯೇ ಹಾಕಿಕೊಟ್ಟಿತ್ತು. ನಮ್ಮ ಮಲೆನಾಡಿನ ಬಗನಿ ಹೆಂಡಕ್ಕೂ ಇದೇ ನಿಯಮ.

ಈ ಮಿತಿಯನ್ನು ಮೊದಲು ಮುರಿದದ್ದು ಬಡವರ ಚಟವಲ್ಲ, ಗುತ್ತಿಗೆಯ ಲೆಕ್ಕ. ಹರಾಜಿನಲ್ಲಿ ಅಂಗಡಿ ಹಿಡಿದವನಿಗೆ ಕಟ್ಟಿದ ಹಣ ಹಿಂದಿರುಗಬೇಕು. ಹೊಲದ ಬದುಗಳು ಸವೆಯುತ್ತಿದ್ದವು, ಕಾಲುವೆ ನೀರು ಬಂದಲ್ಲಿ ನೆಲ ಮಟ್ಟವಾಗಿ ಜೋಳದ ಹೊಲ ಭತ್ತದ ಗದ್ದೆಯಾಗುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತಂದವು. ಆ ನೀರನ್ನು ನಾವು ಹಳಿಯುತ್ತಿಲ್ಲ. ಬರದ ಸೀಮೆಗೆ ಅದು ಅನ್ನ ತಂದಿತು. ಆದರೆ ಬದುವಿನ ಮರಕ್ಕೆ ಲೆಕ್ಕಪುಸ್ತಕದಲ್ಲಿ ಸ್ಥಾನವಿರಲಿಲ್ಲ. ಮರ ಕಡಿಮೆಯಾಗಿ ಕುಡಿಯುವವರು ಹೆಚ್ಚಿದಾಗ ನಡುವಿನ ಕೊರತೆಯನ್ನು ತುಂಬಲು ಬಂದದ್ದು ಬಿಳಿಯ ಪುಡಿ. ಜನರ ಬಾಯಲ್ಲಿ ಅದು ‘ಸಿ.ಎಚ್. ಪೌಡರ್’, ಅಂದರೆ ಕ್ಲೋರಲ್ ಹೈಡ್ರೇಟ್. ನೀರಿಗೆ ಪುಡಿ ಬೆರೆಸಿ, ಸಿಹಿಗೆ ಸ್ಯಾಕರೀನ್ ಸೇರಿಸಿ, ಮರದ ಹನಿಯೊಂದೂ ಇಲ್ಲದೆ ಸಿದ್ಧವಾಗುವ ಈ ದ್ರವಕ್ಕೆ ಜನರೇ ‘ಕೈ ಹೆಂಡ’ ಎಂದು ಹೆಸರಿಟ್ಟಿದ್ದಾರೆ. ಮರದ್ದಲ್ಲ, ಕೈಯದು. ಇದಕ್ಕಿಂತ ಚಿಕ್ಕ, ಇದಕ್ಕಿಂತ ನಿಖರವಾದ ಪರಿಸರ ವರದಿಯನ್ನು ಯಾವ ತಜ್ಞರೂ ಬರೆಯಲಾರರು.

ಕ್ಲೋರಲ್ ಹೈಡ್ರೇಟನ್ನು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 1832ರಲ್ಲಿ ಮೊದಲು ತಯಾರಿಸಿದರು. 1869ರಿಂದ ಅದು ನಿದ್ದೆಯ ಔಷಧವಾಗಿ ಬಳಕೆಗೆ ಬಂತು. ಹೆಂಡದ ಅಮಲು ಕುಡಿದವನನ್ನು ಹಾಡಿಸಬಹುದು, ಜಗಳವಾಡಿಸಬಹುದು. ಈ ಪುಡಿ ಮಾತ್ರ ಮಿದುಳನ್ನು ಮಂಕುಗೊಳಿಸಿ ಕೆಡಹುತ್ತದೆ. ಪ್ರಮಾಣ ಮೀರಿದರೆ ಉಸಿರಾಟ ಕುಗ್ಗುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಮದ್ಯದೊಡನೆ ಸೇರಿದರೆ ಎರಡರ ಕೆಡುಕೂ ಬಲಿಯುತ್ತದೆ. ಹೊಟ್ಟೆಯ ಒಳಪದರವನ್ನು ಕೆರಳಿಸಿ, ದೀರ್ಘ ಬಳಕೆಯಲ್ಲಿ ಯಕೃತ್ತು ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ದೇಹ ಅದಕ್ಕೆ ಒಗ್ಗಿದ ಮೇಲೆ ಥಟ್ಟನೆ ನಿಲ್ಲಿಸುವುದೂ ಅಪಾಯ. ಕೈಕಾಲು ನಡುಗುತ್ತವೆ, ಬುದ್ಧಿ ಭ್ರಮೆಗೊಳ್ಳುತ್ತದೆ, ಫಿಟ್ಸ್ ಬರುತ್ತದೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆಯ ಮೇಲೆ ದಾಳಿ ಬಿಗಿಯಾದಾಗ ರಾಯಚೂರಿಗೆ ಹೊಂದಿದ ಮಹಬೂಬ್‌ನಗರದಲ್ಲಿಯೂ ನಿಜಾಮಾಬಾದಿನಲ್ಲಿಯೂ ಹೀಗೆ ವಿಚಿತ್ರವಾಗಿ ವರ್ತಿಸತೊಡಗಿದ ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ಹೆಂಗಸರೂ ವೃದ್ಧರೂ ಇದ್ದರು. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಸೇಂದಿ ಕುಡಿದು ಜನ ಸತ್ತಾಗ ಅದರಲ್ಲಿ ಕಂಡದ್ದು ಅಲ್ಪ್ರಜೋಲಾಮ್ ಎಂಬ ಇನ್ನೊಂದು ನಿದ್ದೆಯ ಔಷಧ. ಪುಡಿಯ ಹೆಸರು ಬದಲಾಗುತ್ತದೆ, ವ್ಯಾಪಾರದ ಗುಣ ಬದಲಾಗುವುದಿಲ್ಲ.

ಸರಕಾರ ಏನು ಮಾಡಿತು? 2004ರಲ್ಲಿ ದಕ್ಷಿಣ ಕನ್ನಡ, ಉಡುಪಿಗಳನ್ನು ಬಿಟ್ಟು ರಾಜ್ಯದಲ್ಲೆಲ್ಲ ಸೇಂದಿಯನ್ನು ನಿಷೇಧಿಸಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಎರಡೂ ನಿರ್ಧಾರಗಳ ಹಿಂದೆ ಬಡ ಹೆಂಗಸರ ಕಣ್ಣೀರಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಾರಾಯಿ ನಿಂತ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ರಾಯಚೂರಿನಲ್ಲಿ ನಿಷೇಧವು ಮರದ ಸೇಂದಿಯನ್ನು ನಿಲ್ಲಿಸಿತು. ಪುಡಿಯ ಸೇಂದಿ ಓಣಿಗಳಿಗೆ ಸರಿಯಿತು. ಮರ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಕಟ್ಟಿದ ಗಡಿಗೆಯೂ ಕಾಣುತ್ತದೆ. ಪುಡಿಯ ಪೊಟ್ಟಣ ಜೇಬಿನಲ್ಲಿ ಅಡಗುತ್ತದೆ. ಕಲಬೆರಕೆ ನಿಷೇಧದಿಂದ ಹುಟ್ಟಿತೆಂದು ನಾವು ಹೇಳುವುದಿಲ್ಲ, ಅದು ಅಂಗಡಿಗಳ ಕಾಲದಲ್ಲಿಯೇ ಇತ್ತು. ಆದರೆ ಅದಕ್ಕೆ ಎದುರಾಗಿದ್ದ ಒಂದೇ ಸಾಚಾ ವಸ್ತು ನಿಷೇಧದ ತರುವಾಯ ಇಲ್ಲವಾಯಿತು. ಪೊಲೀಸರು, ಅಬಕಾರಿ ಸಿಬ್ಬಂದಿ ಆಗಾಗ ದಾಳಿ ಮಾಡುತ್ತಾರೆ, ಕೊಡಗಟ್ಟಲೆ ಸೇಂದಿ ಚರಂಡಿಗೆ ಸುರಿಯುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಸಿಕ್ಕಿಬೀಳುವುದು ಕೊಡ ಹೊತ್ತವರು. ಪುಡಿಯನ್ನು ತಯಾರಿಸಿ ಸಾಗಿಸಿದವರಲ್ಲ.

ಇಲ್ಲಿ ಇನ್ನೊಂದು ಅಸಮಾನತೆಯನ್ನೂ ಹೇಳದಿದ್ದರೆ ಮಾತು ಪೂರ್ಣವಾಗದು. ಬೆಂಗಳೂರಿನಲ್ಲಿ ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆಗಳಲ್ಲಿ ಬಿಯರ್ ಕುದಿಸಿ ಮಾರುವ ಪುಟ್ಟ ಕಾರ್ಖಾನೆಗಳಿಗೆ ಪರವಾನಗಿ ಉಂಟು. ಬಾರ್ಲಿ ಮಾಲ್ಟನ್ನು ಉತ್ತರದಿಂದಲೋ ವಿದೇಶದಿಂದಲೋ ತರುತ್ತಾರೆ. ನಮ್ಮ ದೇಶದಲ್ಲಿ ಹಾಪ್ಸ್ ಬೆಳೆಯುವುದು ಹಿಮಾಚಲದ ಲಾಹೋಲಿನಂಥ ತಂಪು ಕಣಿವೆಯಲ್ಲಿ. ಅದೂ ಸಾಲದೆ ಹಡಗಿನಲ್ಲಿ ಬರುತ್ತದೆ. ಹಣವಿದ್ದವರಿಗೆ ಸಾಮಗ್ರಿಯ ಕೊರತೆಯೆಂಬುದಿಲ್ಲ. ಹೀಗಿರುವಾಗ ಹೊಲದ ಬದುವಿನ ಈಚಲಿಗೆ ಗಡಿಗೆ ಕಟ್ಟುವುದು ಅಪರಾಧ. ಆಫ್ರಿಕದ ಅನೇಕ ನಾಡುಗಳಲ್ಲಿ ಜೋಳವನ್ನು ಮೊಳಕೆ ಬರಿಸಿ ಮನೆಯಲ್ಲಿಯೇ ಬಿಯರ್ ಮಾಡುತ್ತಾರೆ, ಸಿಕ್ಕಿಮಿನಲ್ಲಿ ರಾಗಿಯಿಂದ. ಜೋಳದ ನಾಡಾದ ರಾಯಚೂರಿನಲ್ಲಿ ಜೋಳ ಹುಳಿತದ್ದು ಅಂಬಲಿಯಾಗಿ ಬಡವನ ಹೊಟ್ಟೆ ತಂಪಾಗಿಸಿತು. ಅಮಲಿನ ಪಾಲು ಈಚಲಿನದಾಗಿತ್ತು. ಕುಡಿತವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಹುದುಗಿಸುವ ವಿದ್ಯೆ ಊರಿನ ಕೈಯಲ್ಲಿದ್ದಾಗ ಅದರೊಳಗೆ ಏನಿದೆಯೆಂಬ ಅರಿವೂ ಊರಿನದಾಗಿತ್ತು. ವಿದ್ಯೆ ಹೋದಾಗ ಆ ಅರಿವೂ ಹೋಯಿತು.

‘ಹಾಗಾದರೆ ಮತ್ತೆ ಸೇಂದಿ ಅಂಗಡಿ ತೆರೆಯಬೇಕೆ?’ ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರಿಸುವ ಮೊದಲ ಹಕ್ಕು ಆ ಸೀಮೆಯ ಹೆಂಗಸರದು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೋರಿ ಸಾವಿರಾರು ಮಹಿಳೆಯರು ನಡೆದರು. ಅವರಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಗಂಡನ ಕೂಲಿ ಮನೆ ಮುಟ್ಟದಿದ್ದುದನ್ನು ಉಂಡವರು ಅವರು. ಅವರ ಮಾತನ್ನು ಬದಿಗಿಟ್ಟು ‘ಸಂಪ್ರದಾಯ’ದ ಹೆಸರಿನಲ್ಲಿ ಹೆಂಡವನ್ನು ಸಮರ್ಥಿಸುವುದು ನಮ್ಮಿಂದಾಗದು. ಮರವನ್ನು ಉಳಿಸುವುದಕ್ಕೂ ಹೆಂಡದ ಅಂಗಡಿಯನ್ನು ತೆರೆಯುವುದಕ್ಕೂ ಅಂತರವಿದೆ. ಗಡಿಗೆಗೆ ಸುಣ್ಣ ಸವರಿ, ಸೂರ್ಯೋದಯಕ್ಕೆ ಮುಂಚೆ ಇಳಿಸಿದರೆ ಅದೇ ರಸ ಅಮಲಿಲ್ಲದ ನೀರಾ. ಇದೇ ಈಚಲಿನ ರಸದಿಂದ ಬಂಗಾಳದ ರೈತರು ಪ್ರತಿ ಚಳಿಗಾಲ ಬೆಲ್ಲ ಕಾಯಿಸುತ್ತಾರೆ. ಅದು ಅಲ್ಲಿಯ ಸಂಕ್ರಾಂತಿಯ ಸಿಹಿ. ತೆಂಗಿನ ನೀರಾವನ್ನು ಹುಳಿಯದಂತೆ ತಂಪಿನಲ್ಲಿ ಸಂಗ್ರಹಿಸುವ ವಿಧಾನವನ್ನು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ರೂಪಿಸಿದೆ. ರಾಯಚೂರಿನಲ್ಲಿಯೇ 2008ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಈಚಲಿನ ಕುರಿತು ಅಲ್ಲಿ ಇಂಥ ಕೆಲಸ ನಡೆಯಬಾರದೆ?

ನಮ್ಮ ಒತ್ತಾಯ ಇಷ್ಟು. ದಾಳಿಗೆ ಮುನ್ನ ಚಿಕಿತ್ಸೆ ಸಿದ್ಧವಿರಲಿ: ದೇವದುರ್ಗ, ಮಾನ್ವಿಗಳ ತಾಲೂಕು ಆಸ್ಪತ್ರೆಗಳಲ್ಲಿ ಪುಡಿಯ ಚಟದಿಂದ ಬಿಡಿಸುವ ವೈದ್ಯರೂ ಹಾಸಿಗೆಯೂ ಔಷಧವೂ ಇರಬೇಕು. ಕುಡಿದವರನ್ನು ಅಪರಾಧಿಗಳೆನ್ನದೆ ರೋಗಿಗಳೆಂದು ಕಾಣಬೇಕು. ಪುಡಿಯ ಜಾಡು ಹಿಡಿಯುವ ಕೆಲಸ ಗಡಿಯಾಚೆಯ ರಾಜ್ಯಗಳೊಡನೆ ಕೂಡಿ ನಡೆಯಬೇಕು, ಕೊಡ ಒಡೆಯುವುದರಲ್ಲಿ ಮುಗಿಯಬಾರದು. ಹಳ್ಳದ ದಂಡೆ, ಕೆರೆಯ ಏರಿಗಳಲ್ಲಿ ಈಚಲನ್ನು ಮತ್ತೆ ಬೆಳೆಸಿ, ನೀರಾ, ಬೆಲ್ಲ, ಚಾಪೆ, ಪೊರಕೆಗಳ ಕಸುಬನ್ನು ಮರವೇರುವ ಕುಟುಂಬಗಳಿಗೂ ಹೆಂಗಸರ ಸಂಘಗಳಿಗೂ ಒಪ್ಪಿಸಬೇಕು. ಮಣ್ಣು ಹಿಡಿದು ನಿಲ್ಲುವ ಆ ಬೇರುಗಳು ದಂಡೆಯನ್ನೂ ಕಾಯುತ್ತವೆ.

ಘಟ್ಟದ ಓದುಗರಿಗೂ ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನಮ್ಮ ಬಗನಿ ಮರಗಳೂ ಕಡಿಮೆಯಾಗುತ್ತಿವೆ. ‘ಹೆಂಡದ ಮರ’ ಎಂದು ಹೀಗಳೆದು ಕಡಿಯುವ ಕೈಯನ್ನು ತಡೆಯಿರಿ. ನಿಮ್ಮ ಊರಿನಲ್ಲಿ ಎಷ್ಟು ಮರಗಳಿವೆ, ಅದರ ಹಣ್ಣನ್ನು ಯಾವ ಹಕ್ಕಿ, ಯಾವ ಪ್ರಾಣಿ ತಿನ್ನುತ್ತದೆ, ಅದನ್ನು ಏರಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ ಎಂದು ಈ ಬೇಸಿಗೆಯಲ್ಲಿ ಎಣಿಸಿ ನಮಗೆ ಬರೆಯಿರಿ. ಬಯಲಿನಲ್ಲಿ ದುಡಿಯಲು ಹೋದ ಬಂಧುಗಳು ಪುಡಿಯ ಸೇಂದಿಗೆ ಸಿಕ್ಕಿದ್ದರೆ ಒಮ್ಮೆಲೇ ಬಿಡಿಸಲು ಹೋಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿದರೆ ಹತ್ತಿರದ ಕೇಂದ್ರದ ಮಾಹಿತಿ ದೊರೆಯುತ್ತದೆ. ಕೈ ಹೆಂಡವೆಂಬ ಮಾತು ನಮ್ಮ ಘಟ್ಟದ ನುಡಿಗೆ ಇನ್ನೂ ಸೇರಿಲ್ಲ. ಸೇರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.