ಹೊಗೆಯ ಕಿರ್ದಿ ದೆಹಲಿಯಲ್ಲಿದ್ದರೆ ಸಾಲದು

ಬೆಂಗಳೂರಿನ ಜಯನಗರ 5ನೆಯ ಬ್ಲಾಕಿನಲ್ಲಿ ಗಾಳಿಯನ್ನು ಪರೀಕ್ಷಿಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಯಂತ್ರವನ್ನು ಸ್ಥಾಪಿಸಿದೆ. ಕೆಲವೇ ಮೈಲಿಗಳಾಚೆ ಬಿ.ಟಿ.ಎಂ. ಬಡಾವಣೆಯಲ್ಲಿ ಕೇಂದ್ರ ಮಂಡಳಿಯದು ಇನ್ನೊಂದು. ಎರಡೂ ಧೂಳು ಮತ್ತು ವಿಷವಾಯುಗಳಿಗಾಗಿ ಇಟ್ಟವು. ಭೂಮಿಯನ್ನು ಕಾಯಿಸುತ್ತಿರುವ ಇಂಗಾಲದ ಡೈಆಕ್ಸೈಡು, 2009ರಲ್ಲಿ ಕೇಂದ್ರವು ಪ್ರಕಟಿಸಿದ 12 ಮಾಲಿನ್ಯಗಳ ಪಟ್ಟಿಯಲ್ಲಿಯೇ ಇಲ್ಲ. ಅದರ ಮೊತ್ತ ತಿಳಿಯಬೇಕಾದರೆ ಸುಟ್ಟ ಕಲ್ಲಿದ್ದಲು, ಡೀಸೆಲ್‌ಗಳ ಲೆಕ್ಕವನ್ನೇ ಕೂಡಬೇಕು. ಯಂತ್ರದ ಕೆಲಸವಲ್ಲ, ಕಿರ್ದಿಯ ಕೆಲಸ.

ಆ ಕಿರ್ದಿ ಇರುವುದು ದೆಹಲಿಯಲ್ಲಿ. ಭಾರತ ಸರ್ಕಾರವು 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದ ವರದಿಯಂತೆ, 2020ರಲ್ಲಿ ದೇಶವು ಹೊರಬಿಟ್ಟ ಹಸಿರುಮನೆ ಅನಿಲ ಸುಮಾರು 296 ಕೋಟಿ ಟನ್ನು. ನಾಲ್ಕು ವರ್ಷ ಹಳಸಿದ ಲೆಕ್ಕ! ಕರ್ನಾಟಕದ ಪಾಲನ್ನು ವರ್ಷವರ್ಷವೂ ಜನರ ಮುಂದಿಡಬೇಕೆಂಬ ಕಾಯಿದೆಯ ಕಟ್ಟಳೆ ರಾಜ್ಯ ಸರ್ಕಾರಕ್ಕಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯು 2023ರ ನವೆಂಬರಿನಲ್ಲಿ ತನ್ನದೊಂದು ಹವಾಮಾನ ಯೋಜನೆಯನ್ನು ಲೆಕ್ಕಸಹಿತ ಹೊರತಂದಿತು, ಒಳ್ಳೆಯದೇ. ಆದರೆ 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಐದು ಹೋಳಾಯಿತು. ಬನಶಂಕರಿ, ಜೆ.ಪಿ. ನಗರಗಳ ಲೆಕ್ಕವನ್ನು ಮುಂದೆ ಬರೆಯುವವರು ಯಾರು?

ಇದು ಬೆಂಗಳೂರಿನವರ ತಲೆನೋವು, ನಮಗೇನು ಎಂದು ಗಿರಣಿಯ ಗೆಳೆಯರು ಕೇಳಬಹುದು. 2023ರಲ್ಲಿ ಕೇಂದ್ರವು ಹೊರಡಿಸಿದ ಇಂಗಾಲ ವ್ಯಾಪಾರ ಯೋಜನೆಯ ಉದ್ಯಮಗಳಲ್ಲಿ ಜವಳಿಯೂ ಸೇರಿದೆ. ಪಟ್ಟಿಗೆ ಬಂದ ದೊಡ್ಡ ಗಿರಣಿಗಳು ಕೇಂದ್ರದ ಇಂಧನ ದಕ್ಷತಾ ಬ್ಯೂರೋಗೆ ಲೆಕ್ಕ ಕೊಡಬೇಕು. ಮಿತಿ ಮೀರಿದರೆ ಪ್ರಮಾಣಪತ್ರಗಳನ್ನು ಕೊಳ್ಳಬೇಕು. ಕೊಳ್ಳದಿದ್ದರೆ ಅದರ ಸರಾಸರಿ ಬೆಲೆಯ ಎರಡರಷ್ಟು ಪರಿಹಾರ ತೆರಬೇಕು. ಆ ಹೊರೆಯನ್ನು ಧಣಿಗಳು ಬೋನಸ್ಸಿನ ಮಾತುಕತೆಯ ಹೊತ್ತಿಗೆ ಯಾರ ಹೆಗಲಿಗೆ ಇಳಿಸಲು ನೋಡುವರೆಂಬುದನ್ನು ವಿವರಿಸಬೇಕಾಗಿಲ್ಲ. ಅಂದು ಕಾರ್ಮಿಕರ ಕೈಯಲ್ಲಿ ಅಂಕಿ ಇರಬೇಕು.

ಸಣ್ಣ ವ್ಯಾಪಾರಿಯ ಪಾಡೂ ಅಷ್ಟೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಎಣಿಕೆಯಂತೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡು. ತಿಂಗಳಿಗೆ 300 ಯೂನಿಟ್ ಉರಿಸುವ ಜಯನಗರದ ಅಂಗಡಿಗೆ 210 ಕಿಲೋ. ಇದು ಇಡೀ ದೇಶದ ಸರಾಸರಿ. ಶರಾವತಿಯ ನೀರಿಗೂ ಪಾವಗಡದ ಬಿಸಿಲಿಗೂ ಬೇರೆ ಲೆಕ್ಕವಿಲ್ಲ.

ಹೊಸ ಇಲಾಖೆ, ಹೊಸ ಜೀಪು ಬೇಕಿಲ್ಲ. 1981ರ ವಾಯು ಕಾಯಿದೆಯಂತೆ ಕಾರ್ಖಾನೆಗಳಿಗೆ ಒಪ್ಪಿಗೆ ಕೊಡುವಾಗ ಯಾವ ಇಂಧನ, ಎಷ್ಟು ಎಂದು ರಾಜ್ಯ ಮಂಡಳಿಯು ಈಗಲೂ ಕೇಳುತ್ತದೆ. ಆ ಕಾಗದಗಳನ್ನು ಕೂಡಿ, ಜಿಲ್ಲಾವಾರು, ದೊಡ್ಡ ಕಾರ್ಖಾನೆಗಳ ಹೆಸರುಸಹಿತ, ಕನ್ನಡದಲ್ಲಿ ಪ್ರತಿವರ್ಷ ಅಚ್ಚುಹಾಕಲಿ. ಚಿಲ್ಲರೆ ಅಂಗಡಿಯವನಿಂದ ಹೊಸ ಫಾರಮ್ಮನ್ನೂ ಫೀಸನ್ನೂ ಕೇಳಬಾರದು; ಅವನ ಲೆಕ್ಕ ವಿದ್ಯುತ್ ಕಂಪನಿಯ ಬಿಲ್ಲಿನಲ್ಲಿಯೇ ಇದೆ.