ಕನ್ನಡಕದ ಪರೀಕ್ಷೆ ಹಿಂದಿಯಲ್ಲಿ, ಕಣ್ಣು ಕನ್ನಡದ್ದು

ಹೊಸದಿಲ್ಲಿ: ಊರಿನಿಂದ ಮಕ್ಕಳ ಮನೆಗೆಂದು ದ್ವಾರಕಾ, ನೋಯ್ಡಾ, ಗುರುಗ್ರಾಮಗಳಿಗೆ ಬಂದು ನೆಲೆಸುವ ಹಿರಿಯರ ಹೊಸ ಕನ್ನಡಕ ಎಷ್ಟೋ ಸಲ ಡಬ್ಬಿಯಲ್ಲೇ ಉಳಿಯುತ್ತದೆ. ತಲೆ ಸುತ್ತುತ್ತದೆ, ಮೆಟ್ಟಿಲು ಎದ್ದು ಬಂದಂತೆ ಕಾಣುತ್ತದೆ ಎಂಬ ದೂರು. "ವಯಸ್ಸಾಯಿತು, ಅಭ್ಯಾಸವಾಗುತ್ತೆ ಬಿಡಿ" ಎಂದು ಮನೆಯವರು ಸುಮ್ಮನಾಗುತ್ತಾರೆ. ಅನೇಕ ವೇಳೆ ತಪ್ಪಿರುವುದು ಅಳತೆಯಲ್ಲಿ.

ಕಂಪ್ಯೂಟರ್ ಯಂತ್ರ ಕೊಡುವ ನಂಬರು ಬರೀ ಅಂದಾಜು. ಅದನ್ನು ಪಕ್ಕಾ ಮಾಡುವುದು ಪರೀಕ್ಷಕರ ಪ್ರಶ್ನೆ ಮತ್ತು ಕೂತವರ ಉತ್ತರ: ಮೊದಲ ಗಾಜು ಸ್ಪಷ್ಟವೋ, ಎರಡನೆಯದೋ? ದೆಹಲಿಯಲ್ಲಿ ಈ ಪ್ರಶ್ನೆ ಹಿಂದಿಯಲ್ಲಿ ಬರುತ್ತದೆ. ಹಾವೇರಿ ಕಡೆಯ ತಾಯಿ ಎಲ್ಲಕ್ಕೂ "ಹಾಂ ಜೀ" ಅನ್ನುತ್ತಾರೆ. ಗೋಡೆಯ ಅಕ್ಷರಗಳೂ ಇಂಗ್ಲಿಷ್ ಇಲ್ಲವೇ ದೇವನಾಗರಿ. ಓದಲು ಬಾರದ್ದನ್ನು ಕಾಣಿಸದ್ದು ಎಂದು ಬರೆದುಕೊಂಡರೆ ನಂಬರು ಸರಿಯಾಗುವುದು ಹೇಗೆ? ಏಮ್ಸ್‌ನ ಡಾ. ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ 1967ರಿಂದ ಇದೇ ನಗರದಲ್ಲಿದೆ; ವೈದ್ಯರಿಗೇನೂ ಬರವಿಲ್ಲ, ಬರ ಇರುವುದು ಮಾತಿಗೆ. ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಬರೆದ ಚಾರ್ಟ್ ಇದೆ. ಗೆರೆಗಳು ಯಾವ ಕಡೆಗಿವೆ ಎಂದು ಬೆರಳಲ್ಲಿ ತೋರಿಸಿದರೆ ಸಾಕು. ಮನೆಯವರು ಅದನ್ನು ಕೇಳಬೇಕು. ಹತ್ತಿರದ ನೋಟಕ್ಕೆ ಕನ್ನಡ ಪಂಚಾಂಗವನ್ನೇ ಒಯ್ಯಬಹುದು. ಅದಕ್ಕಿಂತ ಸಣ್ಣ ಅಕ್ಷರ ಇನ್ನೆಲ್ಲಿ ಸಿಕ್ಕೀತು!

ಚೀಟಿ ಸರಿಯಿದ್ದರೂ ಅರ್ಧ ಕೆಲಸ ಬಾಕಿ. ಚಾಂದನಿ ಚೌಕದ ಬಲ್ಲಿಮಾರಾನ್, ಕವಿ ಗಾಲಿಬನ ಹವೇಲಿ ಇರುವ ಕೇರಿ, ಕನ್ನಡಕದ ಸಗಟು ಪೇಟೆಯೂ ಹೌದು. ಅಗ್ಗವೆಂದು ಅಲ್ಲಿಗೋ, ಮೊಬೈಲಿನಲ್ಲೋ ಚೀಟಿ ಕಳಿಸಿ ಕನ್ನಡಕ ತರಿಸುವವರಿದ್ದಾರೆ. ಚೀಟಿಯೊಂದೇ ಹೋಗುತ್ತದೆ, ಮುಖ ಹೋಗುವುದಿಲ್ಲ. ಎರಡು ಪಾಪೆಗಳ ನಡುವಿನ ಅಂತರಕ್ಕೆ ಪಿ.ಡಿ. ಎನ್ನುತ್ತಾರೆ. 4 ಪವರಿನ ಗಾಜಿನ ಕೇಂದ್ರ ಪಾಪೆಯಿಂದ 5 ಮಿ.ಮೀ. ಸರಿದರೆ 4 ಗುಣಿಸು ಅರ್ಧ ಸೆಂ.ಮೀ., ಅಂದರೆ 2 ಪ್ರಿಸಂನಷ್ಟು ಬೆಳಕು ಓರೆಯಾಗುತ್ತದೆ. ಸಿಲಿಂಡರ್ ಪವರಿನ ಆಕ್ಸಿಸ್ 30 ಡಿಗ್ರಿ ತಪ್ಪಿತೋ, ಆ ಪವರ್ ಇದ್ದೂ ಪ್ರಯೋಜನವಿಲ್ಲ. ದೂರ-ಹತ್ತಿರ ಎರಡಕ್ಕೂ ಒಂದೇ ಆದ ಪ್ರೋಗ್ರೆಸಿವ್ ಗಾಜಿಗಂತೂ ಫ್ರೇಮು ಮೂಗಿನ ಮೇಲೆ ಕೂತ ನಂತರವೇ ಎತ್ತರ ಗುರುತಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಕನ್ನಡಕದ ಗಾಜಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಉಳಿದ ದುಡ್ಡು ಹಿರಿಯರನ್ನು ಅಂಗಡಿಗೆ ಕರೆದೊಯ್ಯುವ ಆಟೋಗೆ ಆದೀತು.

ಸಂಘ-ಸಂಸ್ಥೆಗಳ ನೇತ್ರ ತಪಾಸಣಾ ಶಿಬಿರಗಳಲ್ಲಿ ದೀಪ ಬೆಳಗುವವರ ಪಟ್ಟಿ ಉದ್ದವಿರುತ್ತದೆ. ಅದರಲ್ಲಿ ಇಬ್ಬರನ್ನು ಕಡಿಮೆ ಮಾಡಿ, ಕನ್ನಡದಲ್ಲಿ ಕೇಳಿ ಹಿಂದಿಯಲ್ಲಿ ಹೇಳಬಲ್ಲ ಇಬ್ಬರು ಯುವಕರನ್ನು ಚಾರ್ಟಿನ ಪಕ್ಕ ನಿಲ್ಲಿಸಲಿ. ಕನ್ನಡಕ ಹಂಚುವ ದಿನವೂ ಅವರು ಬರಲಿ. ಹಾಕಿಕೊಂಡು ಹತ್ತು ಹೆಜ್ಜೆ ನಡೆದು, ನಾಲ್ಕು ಮೆಟ್ಟಿಲು ಇಳಿದು ನೋಡುವವರೆಗೆ ಯಾರನ್ನೂ ಮನೆಗೆ ಕಳಿಸಬಾರದು.